ನೋಡೋಕೆ ಹೋದವಳು

ಆ ಡಬ್ಬ ಆರಿಸ್ದೆಯಾ ಇಲ್ವಾ? ಆರ್ಸು ಮೊದ್ಲು. ನಿಮ್ಮ ಮಾವನಿಗೂ ಬುದ್ಧಿ ಇಲ್ಲ, ತಾನು ಹುಡುಗನಾಗಿದ್ದಾಗಿನ ಹಳೇ ಕಂಪ್ಯೂಟರನ್ನ ಅಟ್ಟದಿಂದ ಇಳಿಸಿ ಧೂಳು ಒರೆಸಿ ನಿನ್ನ ಮುಂದೆ ತಂದಿಟ್ಟವನೆ. ಬಾ ಇಲ್ಲಿ, ಮಲಕ್ಕೋ, ಸೊಳ್ಳೆಪರದೆ ಸರಿಯಾಗಿ ಹಾಸಿಗೆ ಅಡಿಗೆ ಸಿಗ್ಸು. ನಾನು ಸಾಯಂಕಾಲದಿಂದ ನೋಡ್ತಾನೇ ಇದ್ದೆ ಕಣೇ ಇಂಚರಾ. ಆ ಆಟದಲ್ಲಿ ಪೇಟ ಸುತ್ಕೊಂಡ ರಾಜಕುಮಾರ, ಪಾಪ, ತನ್ನ ಪಾಡಿಗೆ ತಾನು ಬಾವಿ ಕಟ್ಟೆ ಮೇಲೆ ನಿಂತಿದ್ದ, ನೀನೇ ಬಟನ್ ಒತ್ತಿ ಅವನ್ನ ಒಳಕ್ಕೆ ಬೀಳಿಸ್ದೆ. ಅಯ್ಯೋ ಯಾಕೇ ಬೀಳಿಸ್ದೆ ಅಂತ ಕೇಳಿದ್ರೆ, ಒಳಗೇನಿದೆ ನೋಡೋಕೆ ಅಜ್ಜಿ, ಇನ್ನೂ ಎರಡು ಜೀವ ಇದೆ, ಮೊದಲನೇದು ಇರೋದೇ ನೋಡೋಕೆ ಅಂದೆ. ಆ ಮಾತು ಕೇಳಿ ನನ್ನೆದೆ ಝಲ್ ಅಂತು. ಯಾಕೆ ಅಂತ ಹೇಳ್ತೀನಿ, ಆದ್ರೆ ಹೂಂಗುಟ್ತಾ ಇರ್ಬೇಕು. ಗೋಡೆಗೆ ಕತೆ ಹೇಳೋಕೆ ನನಗೇನು ತಲೆ ಕೆಟ್ಟಿಲ್ಲ.

ಒಂದಾನೊಂದು ಕಾಲದಲ್ಲಿ, ಈ ಡಬ್ಬಾನೂ ಇಲ್ದ ಕರೆಂಟೂ ಇಲ್ದ ಕಾಲದಲ್ಲಿ, ಒಂದು ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ. ಆ ಊರಿಗೆಲ್ಲ ಬೆಂಕಿ ಅಂತ ಇದ್ದಿದ್ದು ಒಂದೇ ಕಡೆ, ಊರ ನಡುವಿನ ದೊಡ್ಡ ಒಲೇಲಿ. ಬೆಳಗಾದ್ರೆ ಹೆಂಗಸರು ಒಂದೊಂದು ಬೆರಣಿ ತಗೊಂಡು ಹೋಗಿ, ಬೆರಣಿ ಗೊತ್ತಲ್ಲ, ಸಗಣಿ ತಟ್ಟಿ ಒಣಗಿಸಿರ್ತಾರಲ್ಲ ಅದು, ಅದರ ಅಂಚಿಗೆ ಕೆಂಡ ಹತ್ತಿಸ್ಕೊಂಡು ಬಂದು ಅವರವರ ಮನೆ ಒಲೆ ಹಚ್ತಿದ್ರಂತೆ. ಹಿಂಗೇ ನಡೀತಿದ್ದಾಗ ಒಂದಿನ ದೊಡ್ಡ ಗಾಳಿ ಮಳೆ ಬಂತಂತೆ, ಒಲೆ ಕಾಯೋ ಮುದುಕ ಕಂಬಳಿ ಹೊದ್ದು ಕೂತೋನು ಹಂಗೇ ತೂಕಡಿಸಿಬಿಟ್ನಂತೆ, ಎಚ್ಚರ ಆಗಿ ನೋಡ್ತಾನೆ, ಒಲೇಲಿ ಬರೀ ಒದ್ದೆ ಬೂದಿ. ಏನು? ಬೆಂಕಿಪೊಟ್ಣ ಇರ್ಲಿಲ್ವಾ? ಇರ್ಲಿಲ್ಲ. ಇದ್ದಿದ್ರೆ ಗೀರಿ ಹಚ್ಚಿ ಉಂಡು ಮಲಗ್ತಿದ್ರು, ನಾನ್ಯಾಕೆ ಬಾಯಿ ನೋಯಿಸ್ಕೊಂಡು ಕತೆ ಹೇಳ್ತಿದ್ದೆ? ಕಲ್ಲಿಗೆ ಕಲ್ಲು ಕುಟ್ಟಿದ್ರೂ ಒಂದು ಕಿಡಿ ಹಾರ್ಲಿಲ್ವಂತೆ. ಆ ಸೀಮೆ ಬೆಂಕಿಯೆಲ್ಲ ಬೆಟ್ಟದ ತುದೀಲಿರೋ ಕೆಂಡವ್ವ ಅನ್ನೋ ರಾಕ್ಷಸೀದಂತೆ. ಅವಳ ಒಲೆಯಿಂದ ಯಾರಾದ್ರೂ ಹೋಗಿ ತಂದ್ರೇ ಉಂಟು, ಇಲ್ಲಾಂದ್ರೆ ಇಲ್ಲ. ಹಿಂದೆ ಒಲೆ ಆರಿದಾಗ್ಲೆಲ್ಲ ಹಂಗೇ ತಂದಿದ್ದಂತೆ.

ಆಮೇಲೆ ಊರಿನ ಪಾಡು ಕೇಳ್ಬೇಡ. ಮಾಗಿ ಚಳಿ ಬೇರೆ ಶುರುವಾಗಿತ್ತಂತೆ. ಜನ ನೆನೆಸಿದ ಅಕ್ಕಿ, ಹಸೀ ಹಿಟ್ಟು ತಿಂದು ಹೊಟ್ಟೆ ಹಿಡ್ಕೊಂಡು ಕೂತ್ರಂತೆ. ಬಾಣಂತೀರಿಗೆ ಕಾಯಿಸಿದ ನೀರಿಲ್ಲ, ಕೂಸುಗಳು ಕೆಮ್ಮಿ ಕೆಮ್ಮಿ ನೀಲಿ ತಿರುಗ್ತಾವೆ. ಯಾರಾದ್ರೂ ಬೆಟ್ಟಕ್ಕೆ ಹೋಗ್ಲೇಬೇಕು ಅಂತ ಊರ ಯಜಮಾನ ಜನಾನ ಸೇರಿಸಿದ್ನಂತೆ.

ಈಗ ಒಂದು ವಿಷ್ಯ ಹೇಳ್ತೀನಿ, ಕಿವಿ ಕೊಟ್ಟು ಕೇಳು. ಆ ಊರಿನೋರಿಗೆ ಕತೆ ಹುಚ್ಚು. ಎಲ್ಲಾ ಕತೇಲೂ ಮೂರು ಜನ ಹೋಗ್ತಾರೆ ಅಲ್ವಾ, ದೊಡ್ಡವರು ಹೋದೋರು ಬರಲ್ಲ, ನಡುವಿನವರು ಹೋದೋರೂ ಬರಲ್ಲ, ಕಡೇವರು ಮಾತ್ರ ಗೆದ್ದು ಬರ್ತಾರೆ. ಅದನ್ನ ಕತೆ ಅಂತ ಕೇಳಿ ಸುಮ್ನಿರೋದು ಬಿಟ್ಟು ಆ ಜನ ಅದನ್ನೇ ಊರ ಕಟ್ಟಳೆ ಮಾಡ್ಕೊಂಡ್ಬಿಟ್ಟಿದ್ರಂತೆ. ಯಾವುದೇ ಕಷ್ಟದ ಕೆಲಸ ಬರ್ಲಿ, ಮೂರು ಮಕ್ಕಳಿರೋ ಒಂದು ಮನೆ ಹಿಡಿಯೋದು. ದೊಡ್ಡದು ನೋಡೋಕೆ ಹೋಗೋದು, ಎರಡನೇದು ತಿಳಿಯೋಕೆ ಹೋಗೋದು, ಮೂರನೇದು ತರೋಕೆ ಹೋಗೋದು. ಹಂಗಂತಾನೇ ಹೆಸರು. ನೋಡೋಕೆ ಹೋಗೋರಿಗೆ ಬುತ್ತಿ ಕಟ್ತಿರ್ಲಿಲ್ವಂತೆ, ವಾಪಸ್ ಬರ್ದೇ ಇರೋರಿಗೆ ಬುತ್ತಿ ಯಾಕೆ ದಂಡ ಅಂತ. ಮೆಟ್ಟು ಇಲ್ಲ, ಕಂಬಳಿ ಇಲ್ಲ, ತಮಟೆ ಇಲ್ಲ. ಅವರು ಹೊಸ್ಲು ದಾಟಿದ ಕೂಡ್ಲೇ ಅವರು ಉಣ್ಣೋ ಗಂಗಾಳಾನ ಬೋರಲು ಹಾಕಿಬಿಡೋದು. ಬುತ್ತಿ, ಮೆಟ್ಟು, ತಮಟೆ ಎಲ್ಲಾ ಮೂರನೇವರಿಗೇ.

ಆ ಸಲ ಊರಿನ ಕಣ್ಣು ಬಿದ್ದಿದ್ದು ಈರವ್ವ ಅನ್ನೋಳ ಮನೆ ಮೇಲೆ. ಗಂಡ ಇಲ್ಲದೋಳು, ಮೂರು ಮಕ್ಕಳು. ದೊಡ್ಡವಳು ಹೊನ್ನಿ, ನಡುವಿನವನು ಬಿಳಿಯ, ಕಡೇವಳು ಸಂಪಿ. ಅವ್ವ ಕೂಲಿಗೆ ಹೋದ್ರೆ ತಮ್ಮನ್ನ, ತಂಗೀನ ಸಾಕಿದ್ದೆಲ್ಲ ಹೊನ್ನೀನೇ. ಸಂಪಿ ನಡೆಯೋದು ಕಲಿತಿದ್ದೇ ತಡವಾಗಿ ಅಂತೆ, ಯಾವಾಗ್ಲೂ ಅಕ್ಕನ ಸೊಂಟದ ಮೇಲೇ ಇರ್ತಿದ್ಲಂತೆ. ಯಜಮಾನ ಬಂದು ಈರವ್ವಾ ನಿನ್ನ ಮನೆ ಸರದಿ ಅಂದಾಗ ಈರವ್ವ ಬಾಗಿಲ ಚೌಕಟ್ಟು ಹಿಡ್ಕೊಂಡು ಹಂಗೇ ನಿಂತಿದ್ಲಂತೆ, ಬೇಡ ಅನ್ಲಿಲ್ಲ. ಊರೆಲ್ಲ ಒಪ್ಪಿದ್ದನ್ನ ಒಬ್ಬಳು ಹೆಂಗೆ ಬೇಡ ಅಂತಾಳೆ ಅಂದ್ಕೊಂಡ್ಳೋ ಏನೋ. ನನ್ನ ಕೇಳಿದ್ರೆ ಅನ್ಬೇಕಿತ್ತು.

ಸಂಪಿಗೆ ಮಾತ್ರ ಹಬ್ಬ. ಚಿಕ್ಕ ಹುಡುಗಿ, ಅವಳಿಗೇನು ಗೊತ್ತು? ಊರೆಲ್ಲ ಬಂದು ನಮ್ಮವ್ವ ನಮ್ಮ ತಾಯಿ ಬೆಂಕಿ ತರೋಳೇ ಅಂತ ನಿವಾಳಿಸಿದ್ರಂತೆ, ಹೊಸಾ ಮೆಟ್ಟು ಹೊಲಿಸಿ ಕೊಟ್ರಂತೆ, ಅವಲಕ್ಕಿ ಬೆಲ್ಲ ಕೊಬ್ಬರಿ ಸೇರಿಸಿ ಬುತ್ತಿ ಕಟ್ಟಿಟ್ರಂತೆ. ಅವಳು ಆ ಮೆಟ್ಟು ಹಾಕ್ಕೊಂಡು ಜಗಲಿ ಮೇಲೆ ಟಪ ಟಪ ಅಂತ ಓಡಾಡಿ ಎಲ್ರಿಗೂ ತೋರಿಸಿದ್ಲಂತೆ. ಬೆಳಿಗ್ಗೆ ಹೊನ್ನಿ ಹೊರಡೋ ಮುಂಚೆ ಸಂಪೀನ ಮುಂದೆ ಕೂರಿಸ್ಕೊಂಡು ತಲೆ ಬಾಚಿದ್ಲಂತೆ. ಇಲ್ನೋಡು, ಹಿಂಗೆ ಮೂರು ಕಾಲು ಮಾಡ್ಕೋ, ಇದನ್ನ ಇದ್ರ ಮೇಲೆ ತಗೊಂಡು ಬಾ, ತುದೀಲಿ ಬಿಗಿಯಾಗಿ ಕಟ್ಟು, ನಾಳೆಯಿಂದ ನೀನೇ ಹೆಣ್ಕೋಬೇಕು ಅಂದ್ಲಂತೆ. ಅನ್ನುತ್ತಾ ಜಡೇನ ಎಷ್ಟು ಬಿಗಿಯಾಗಿ ಎಳೆದ್ಲು ಅಂದ್ರೆ ಸಂಪಿಗೆ ನೋವಾಯ್ತಂತೆ. ಯಾಕಕ್ಕಾ, ಸಾಯಂಕಾಲಕ್ಕೆ ನೀನು ಬರಲ್ವಾ ಅಂತ ಕೇಳಿದ್ಲಂತೆ ಸಂಪಿ. ನಾನು ನೋಡೋಕೆ ಹೋಗೋಳಲ್ವೇನೇ ಕೂಸೇ ಅಂದ್ಲಂತೆ ಹೊನ್ನಿ.

ಆವಾಗ ತಿಳೀತಂತೆ ಅವಳಿಗೆ. ಕಟ್ಟಳೆ ಗೊತ್ತಿತ್ತು, ಅಕ್ಕ ಗೊತ್ತಿದ್ಲು, ಎರಡನ್ನೂ ಸೇರಿಸಿ ನೋಡಿರ್ಲಿಲ್ಲ ಅಷ್ಟೇ. ಓಡಿಹೋಗಿ ಅವ್ವನ ಸೆರಗು ಜಗ್ಗಿ, ಅವ್ವಾ ನನಗೆ ಗೆಲ್ಲೋದು ಬೇಡ, ಅಕ್ಕನ್ನ ಕಳಿಸ್ಬೇಡ, ನನಗೆ ಮೆಟ್ಟೂ ಬೇಡ ಅಂತ ಕಿರುಚಿದ್ಲಂತೆ. ಈರವ್ವ ಅವಳ ಕೆನ್ನೆಗೆ ಒಂದು ಬಾರಿಸಿ, ಬಾಯಿ ಮುಚ್ಕೋ, ಊರು ಕೇಳಿಸ್ಕೊಳುತ್ತೆ ಅಂದು, ಆಮೇಲೆ ತಾನೇ ಮೂಲೇಲಿ ಕೂತು ಬಾಯಿಗೆ ಸೆರಗು ತುರುಕ್ಕೊಂಡು ಅತ್ತಳಂತೆ. ಅಷ್ಟು ಹೊತ್ತಿಗೆ ಹೊನ್ನಿ ಬರಿಗಾಲಲ್ಲಿ ಬೀದಿ ತುದಿ ತಲುಪಿದ್ಲಂತೆ. ಬಾಗಿಲಲ್ಲಿ ನಿಂತ ಜನ ಅವಳ ಮುಖ ನೋಡ್ಲಿಲ್ವಂತೆ, ಕಾಲು ನೋಡ್ತಿದ್ರಂತೆ. ಒಳಗೆ ಪಕ್ಕದ ಮನೆಯೋಳು ಯಾರೋ ಬಂದು ಅವಳ ಗಂಗಾಳ ಬೋರಲು ಹಾಕಿದ್ಲಂತೆ, ಆ ಸದ್ದು ಬೀದೀಲಿದ್ದ ಹೊನ್ನಿಗೂ ಕೇಳಿಸ್ತಂತೆ.

ಸಂಪಿ ಏನ್ಮಾಡಿದ್ಲು? ಹಿತ್ತಲ ಬಾಗಿಲಿಂದ ಬುತ್ತಿ ಎತ್ಕೊಂಡು ಓಡಿದ್ಲು. ಹಿತ್ತಲಲ್ಲಿ ನೋಡಿದ್ರೆ ಬಿಳಿಯ ಆಗ್ಲೇ ಬೇಲಿ ಹಾರ್ತಾವ್ನೆ, ಬೆನ್ನ ಮೇಲೆ ಒಂದು ಬುಟ್ಟಿ ತುಂಬಾ ಬೆರಣಿ. ನಡುವಿನವನು ಎಲ್ಲಿದಾನೆ ಏನು ಮಾಡ್ತಿದಾನೆ ಅಂತ ಆ ಊರಲ್ಲಿ ಯಾರೂ ಕೇಳ್ತಿರ್ಲಿಲ್ವಂತೆ, ಅದೇ ಅವನಿಗೆ ಅನುಕೂಲ ಆಯ್ತು. ಒಬ್ಬರ ಮುಖ ಒಬ್ಬರು ನೋಡ್ಕೊಂಡು ಇಬ್ಬರೂ ಓಡಿದ್ರಂತೆ.

ಬೆಟ್ಟದ ಬುಡದಲ್ಲಿ ಹೊನ್ನಿ ಇವರನ್ನ ನೋಡಿ ಸಂತೋಷಪಟ್ಲು ಅಂದ್ಕೊಂಡ್ಯಾ? ಕಲ್ಲೆತ್ಕೊಂಡು ಹೊಡೆದ್ಲಂತೆ! ಹೋಗ್ರೋ ಮನೆಗೆ, ಸಾಯೋಕೆ ಬಂದ್ರೇನೋ, ಒಬ್ಬಳು ಸಾಯ್ತೀನಿ ಸಾಲ್ದಾ ಅಂತ ಬೈದು, ಒಂದು ಕಲ್ಲು ಬಿಳಿಯನ ಮೊಣಕಾಲಿಗೇ ಬಿತ್ತಂತೆ. ಅವನು ಕುಂಟ್ಕೊಂಡು ಕುಂಟ್ಕೊಂಡು ಮುಂದಕ್ಕೇ ಬಂದ, ಹಿಂದಕ್ಕೆ ಹೋಗ್ಲಿಲ್ಲ. ಆಮೇಲೆ ಅವಳ ಕೈಲಿ ಕಲ್ಲು ಎತ್ತೋಕಾಗ್ಲಿಲ್ಲ, ಅಲ್ಲೇ ಕೂತು ಗೊಳೋ ಅಂತ ಅತ್ತುಬಿಟ್ಳಂತೆ. ಭಯ ಆಗ್ತಿತ್ತು ಕಣೇ ಅವಳಿಗೆ. ಮನೇಲಿ ತೋರಿಸ್ಕೊಂಡಿರ್ಲಿಲ್ಲ ಅಷ್ಟೇ. ಸಂಪಿ ತನ್ನ ಮೆಟ್ಟು ಬಿಚ್ಚಿ ಅಕ್ಕನ ಕಾಲಿಗೆ ತುರುಕೋಕೆ ನೋಡಿದ್ಲಂತೆ, ಅರ್ಧ ಪಾದವೂ ಹೋಗ್ಲಿಲ್ಲ.

ಆಮೇಲೆ ಮೂರೂ ಜನ ಬೆಟ್ಟ ಹತ್ತೋಕೆ ಶುರು ಮಾಡಿದ್ರಂತೆ. ಏನಂದೆ? ದಾರೀಲಿ ಬಿದ್ದಿದ್ದೆಲ್ಲ ಎತ್ಕೋಬೇಕಾ, ಆಮೇಲೆ ಉಪಯೋಗಕ್ಕೆ ಬರುತ್ತಾ? ಅವರೇನು ಗುಜರಿ ಆಯೋರಾ? ಚೂಪು ಕಲ್ಲು, ಮುಳ್ಳು, ಸತ್ತ ಹಾವಿನ ಪೊರೆ, ಎಲ್ಲಾ ಬಿದ್ದಿತ್ತು, ಹಂಗೇ ಬಿಟ್ಟು ಹೋದ್ರು. ಮುದುಕೀನಾ? ಸಿಕ್ಕಿದ್ಲು ಮುದುಕೀನೂ. ನಿನ್ನ ಡಬ್ಬದಲ್ಲಿ ಸಿಗೋ ಹಂಗೇ ಬಂಡೆ ಮೇಲೆ ಕೋಲೂರಿ ಕೂತಿದ್ಲಂತೆ, ಹಸಿವು ಮಕ್ಕಳೇ ಅಂದ್ಲಂತೆ. ಇವರು ಬುತ್ತಿ ಬಿಚ್ಚಿ ಅರ್ಧ ಕೊಟ್ರು. ತಿಂದು ಬಾಯಿ ಒರೆಸ್ಕೊಂಡು ಎದ್ದು ಹೋದ್ಲು. ಮಂತ್ರಾನೂ ಕೊಡ್ಲಿಲ್ಲ ಉಂಗುರಾನೂ ಕೊಡ್ಲಿಲ್ಲ. ಹಸಿದಿದ್ಲು, ತಿಂದ್ಲು, ಅಷ್ಟೇ. ಎಲ್ಲಾದಕ್ಕೂ ಏನಾದ್ರೂ ಬರ್ಲೇಬೇಕೇನೇ?

ಸ್ವಲ್ಪ ಮೇಲೆ ಹೋದ್ರೆ ಒಂದು ಇಕ್ಕಟ್ಟಾದ ಕಣಿವೆ, ಅಲ್ಲಿ ನಿದ್ದೆಗಾಳಿ ಬೀಸ್ತಿತ್ತಂತೆ. ಮೆತ್ತಗೆ, ಅವ್ವ ತಟ್ಟಿದ ಹಂಗೆ ಬೀಸುತ್ತೆ. ಒಂಟಿಯಾಗಿ ಬಂದೋರು ಒಂದು ಕ್ಷಣ ಕೂರೋಣ ಅಂತ ಕೂತ್ರೆ ಮುಗೀತು, ಮತ್ತೆ ಏಳೋದಿಲ್ಲ. ಎರಡೂ ಪಕ್ಕದಲ್ಲಿ ಮನುಷ್ಯರ ಮೂಳೆ ಒರಗಿ ಕೂತಿದ್ವಂತೆ. ಬಿಳಿಯನ ಕಣ್ಣು ಎಳೆಯೋಕೆ ಶುರುವಾಯ್ತು, ಸಂಪಿ ಕಾಲು ತೊಡರೋಕೆ ಶುರುವಾಯ್ತು. ಆಗ ಹೊನ್ನಿ, ನಾನು ಕತೆ ಹೇಳ್ತೀನಿ, ಇಬ್ಬರೂ ಹೂಂಗುಡಿ, ಹೂಂ ಅನ್ಲಿಲ್ಲ ಅಂದ್ರೆ ಚಿವುಟ್ತೀನಿ ಅಂದ್ಲಂತೆ. ಹೇಳ್ತಾ ಹೋದ್ಲು, ಅವರು ಹೂಂ ಅಂತಾ ಹೋದ್ರು. ಬಿಳಿಯನ ಹೂಂ ನಿಂತ್ರೆ ರಪ್ ಅಂತ ಚಿವುಟೋದು. ನಡುವೆ ಹೊನ್ನಿ ನಾಲಿಗೇನೇ ತೊದಲಿ ಕತೆ ನಿಂತುಹೋಯ್ತಂತೆ, ಆಗ ಸಂಪಿ ಆಮೇಲೇನಾಯ್ತಕ್ಕಾ, ಆಮೇಲೇನಾಯ್ತಕ್ಕಾ ಅಂತ ಅವಳ ಕೈ ಕಚ್ಚಿದ್ಲಂತೆ. ಕಣಿವೆ ದಾಟೋ ಹೊತ್ತಿಗೆ ಮೂರೂ ಜನದ ತೋಳೂ ಕೆಂಪಗಾಗಿತ್ತು.

ಆಮೇಲೆ ಒಂದು ಆಳವಾದ ಕೊರಕಲು, ಇಣುಕಿದ್ರೆ ತಲೆ ತಿರುಗ್ಬೇಕು. ಅದರ ಮೇಲೆ ಒಂದೇ ಒಂದು ಮರದ ದಿಮ್ಮಿ. ಕಾಲಿಟ್ರೆ ಉರುಳುತ್ತೆ. ಒಂದು ತುದಿ ಯಾರಾದ್ರೂ ಅದುಮಿ ಹಿಡಿದ್ರೆ ಮಾತ್ರ ಅಲ್ಲಾಡಲ್ಲ. ಒಂಟಿಯಾಗಿ ಬಂದೋರಿಗೆ ಯಾರು ಹಿಡೀತಾರೆ ಹೇಳು? ದಿಮ್ಮೀನ ತಬ್ಕೊಂಡು ತೆವಳಿ, ಅದೃಷ್ಟ ಇದ್ದೋರು ಮಾತ್ರ ದಾಟ್ತಿದ್ರಂತೆ. ಬಿಳಿಯ ಈಚೆ ತುದಿ ತಬ್ಬಿ ಹಿಡ್ಕೊಂಡ, ಹೊನ್ನಿ ತೆವಳ್ಕೊಂಡು ದಾಟಿದ್ಲು. ಆಮೇಲೆ ಅವಳು ಆಚೆ ತುದಿ ಹಿಡ್ಕೊಂಡ್ಲು, ಸಂಪಿ ಹೊರಟ್ಲು. ನಡುವೆ ಬಂದಾಗ ಹೊಸಾ ಮೆಟ್ಟು ಜಾರಿ ಒಂದು ಕಾಲು ಗಾಳೀಲಿ. ಮೆಟ್ಟು ಬಿತ್ತು. ಎಷ್ಟು ಹೊತ್ತಾದ್ರೂ ಕೆಳಗೆ ಬಿದ್ದ ಸದ್ದೇ ಬರ್ಲಿಲ್ವಂತೆ. ಅಯ್ಯೋ ಹೆದರ್ಕೋಬೇಡ, ಸಂಪಿ ಬೀಳ್ಲಿಲ್ಲ. ಹೊನ್ನಿ ನನ್ನ ಮುಖ ನೋಡೇ, ಕೆಳಗೆ ನೋಡ್ಬೇಡ, ನನ್ನ ಮುಖ ನೋಡು ಅಂತ ಕೂಗಿ ಕೂಗಿ ಅವಳನ್ನ ತನ್ನ ಕಡೆಗೆ ಕರ್ಕೊಂಡ್ಲು, ಬಿಳಿಯ ಬುಟ್ಟಿ ಬೆನ್ನಿಗೆ ಕಟ್ಕೊಂಡು ಹಿಂದೆ ಬಂದ.

ತುದೀಲಿ ಕೆಂಡವ್ವನ ಮನೆ. ಕಲ್ಲಿನ ಬಾಗಿಲು, ಒಬ್ಬರು ಮಾತ್ರ ಒಳಗೆ ಹೋಗೋ ಅಷ್ಟು ಕಿರಿದು. ಒಬ್ಬರು ಹೋದ ಕೂಡ್ಲೇ ದಡ್ ಅಂತ ಮುಚ್ಕೊಳುತ್ತೆ. ಅಲ್ಲಿ ಮೂರೂ ಜನಕ್ಕೆ ಜಗಳ. ನಾನು ಹೋದ್ರೇನೇ ಗೆಲ್ಲೋದು ಅಂತ ಊರೆಲ್ಲ ಹೇಳ್ತಾರೆ, ನಾನೇ ಹೋಗ್ತೀನಿ ಅಂದ್ಲಂತೆ ಸಂಪಿ. ಅದು ಇಬ್ಬರು ಸತ್ತ ಮೇಲಿನ ಮಾತು ಕಣೇ, ಇಬ್ಬರೂ ಬದುಕಿರೋವಾಗ ನೀನು ಎಷ್ಟನೇವಳು ಅಂತ ಯಾರಿಗೆ ಗೊತ್ತು ಅಂದ್ನಂತೆ ಬಿಳಿಯ. ಹೊನ್ನಿ ಬುಟ್ಟಿಯಿಂದ ಒಂದು ಬೆರಣಿ ತಗೊಂಡು, ಇಬ್ಬರ ಕೆನ್ನೆಗೂ ಮುತ್ತು ಕೊಟ್ಟು, ಒಳಗೆ ನುಗ್ಗಿಬಿಟ್ಲಂತೆ. ಬಾಗಿಲು ದಡ್ ಅಂತು.

ಒಳಗೆ ಕತ್ತಲೆ, ನಡುವೆ ಒಲೆ, ಒಲೆ ಮುಂದೆ ಕೆಂಡವ್ವ. ದೊಡ್ಡ ದೇಹ, ಬಿಳೀ ಕೂದಲು, ಕಣ್ಣು ಕೆಂಡದ ಹಂಗೆ. ಸುತ್ತ ಗೋಡೆಗೆ ಒರಗಿಸಿ ಇಟ್ಟ ಹಂಗೆ ಕಪ್ಪಗೆ ಏನೇನೋ ಕೂತಿತ್ತಂತೆ. ಮೊದ್ಲು ಸೌದೆ ಕೊರಡು ಅಂದ್ಕೊಂಡ್ಲಂತೆ ಹೊನ್ನಿ, ಕಣ್ಣು ಕತ್ತಲೆಗೆ ಹೊಂದ್ಕೊಂಡ ಮೇಲೆ ನೋಡಿದ್ರೆ ಅವಕ್ಕೆ ಕೈ ಇದೆ, ಮಂಡಿ ಇದೆ, ತಲೆ ಇದೆ. ಎಲ್ಲಾ ಇದ್ದಿಲಾದ ಮನುಷ್ಯರು. ಹಿಂದೆ ನೋಡೋಕೆ ಬಂದೋರು, ತಿಳಿಯೋಕೆ ಬಂದೋರು. ಅವರಿಗೆ ಇನ್ನೊಂದು ಜೀವ ಇರ್ಲಿಲ್ವಾ ಅಂತೀಯಾ? ಇರ್ಲಿಲ್ಲ ಕೂಸೇ. ಒಂದೊಂದೇ ಇತ್ತು.

ನೋಡೋಕೆ ಬಂದೋಳೇನೇ ಅಂತ ನಕ್ಳಂತೆ ಕೆಂಡವ್ವ. ಬಾ ಕೂರು, ಜಾಗ ಇದೆ. ನಂದು ಒಂದೇ ಪ್ರಶ್ನೆ. ನಿಜ ಹೇಳ್ಬೇಕು, ಸುಳ್ಳು ಹೇಳಿದ್ರೆ ಈ ಒಲೆಗೆ ಗೊತ್ತಾಗುತ್ತೆ, ಎದ್ದು ಬಂದು ನೆಕ್ಕಿಬಿಡುತ್ತೆ. ನೀನು ವಾಪಸ್ ಬರ್ತೀಯಾ ಅಂತ ಯಾರಾದ್ರೂ ಕಾಯ್ತಿದಾರಾ? ಕಾಯೋರು ಇದ್ರೆ ಕೆಂಡ ತಗೊಂಡು ಹೋಗು. ಇಲ್ಲಾಂದ್ರೆ ನೀನು ನನ್ನವಳು.

ಅಷ್ಟೇ ಕಣೇ ಪ್ರಶ್ನೆ. ಬೇರೇನೂ ಇಲ್ಲ. ಮೂರನೇವರು ಯಾವಾಗ್ಲೂ ಯಾಕೆ ಗೆಲ್ತಿದ್ರು ಅಂತ ಈಗ ಗೊತ್ತಾಯ್ತಾ? ಅವರು ಜಾಣರೂ ಅಲ್ಲ, ಅವರ ಹಣೇಲಿ ಏನೂ ಬರೆದಿರ್ಲಿಲ್ಲ. ಅವರಿಗೋಸ್ಕರ ಊರೆಲ್ಲ ಗಡೀಲಿ ತಮಟೆ ಇಟ್ಕೊಂಡು ನಿಂತಿರ್ತಿತ್ತು, ಹೌದು ಕಾಯ್ತಾರೆ ಅಂತ ಎದೆ ತಟ್ಟಿ ಹೇಳ್ತಿದ್ರು. ಮೊದಲನೇವರು ಏನು ಹೇಳ್ಬೇಕು? ಗಂಗಾಳ ಬೋರಲು ಹಾಕಿದ ಸದ್ದು ಕೇಳಿಸ್ಕೊಂಡು ಬಂದೋರು, ಇಲ್ಲ, ಯಾರೂ ಕಾಯ್ತಿಲ್ಲ ಅಂತ ನಿಜಾನೇ ಹೇಳಿ, ನಿಂತ ನಿಂತಲ್ಲೇ ಇದ್ದಿಲಾಗಿಬಿಡ್ತಿದ್ರಂತೆ.

ಹೊನ್ನಿಗೂ ಅದೇ ನೆನಪಾಯ್ತಂತೆ. ಅವ್ವ ಕಾಯ್ತಾಳಾ? ಗಂಗಾಳ ಬೋರಲಾಯ್ತು. ಊರು ಕಾಯುತ್ತಾ? ಊರು ನನ್ನ ಮುಖಾನೂ ನೋಡ್ಲಿಲ್ಲ. ಹೊರಗೆ ತಮ್ಮ ತಂಗಿ? ಬಾಗಿಲು ಮುಚ್ಚಿದ ಕೂಡ್ಲೇ ಹೆದರಿ ಓಡಿಹೋಗಿರ್ತಾರೆ, ಹೋಗಿರ್ಲಿ, ಬದುಕ್ಕೊಳ್ಳಿ ಅಂದ್ಕೊಂಡ್ಲಂತೆ. ಬೇಗ ಹೇಳೇ ಅಂತ ಕೆಂಡವ್ವ ಗದರಿದ್ಲಂತೆ. ಒಲೆ ಉರಿ ಮೆಲ್ಲಗೆ ಕತ್ತು ಉದ್ದ ಮಾಡಿ ಅವಳ ಕಡೆ ಬಾಗ್ತಾ ಬಂತಂತೆ, ಹುಬ್ಬಿನ ಕೂದಲು ಸುಟ್ಟ ವಾಸನೆ ಬಂತಂತೆ. ಹೊನ್ನಿ ಬಾಯಿ ತೆಗೆದ್ಲು, ಇಲ್ಲ ಅನ್ನೋಕೆ. ಇ ಅನ್ನೋ ಅಷ್ಟರಲ್ಲಿ ಕಲ್ಲು ಬಾಗಿಲ ಸಂದಿಯಿಂದ ಒಂದು ಸಣ್ಣ ದನಿ.

ಹೂಂ.

ಸುಮ್ನೆ ಆಲಿಸಿದ್ಲಂತೆ. ಮತ್ತೆ, ಹೂಂ. ಆಮೇಲೆ ಇನ್ನೊಂದು ದಪ್ಪ ದನಿ, ಹೂಂ. ಒಳಗೆ ಯಾರೂ ಕತೆ ಹೇಳ್ತಿಲ್ಲ, ಆದ್ರೂ ಆ ಹುಚ್ಚು ಮುಂಡೇವು ಎರಡೂ ಹೊರಗೆ ಬಾಗಿಲಿಗೆ ಬಾಯಿ ಇಟ್ಕೊಂಡು ಹೂಂಗುಟ್ತಾನೇ ಕೂತಿದ್ವಂತೆ, ತಾವು ನಿಲ್ಲಿಸಿದ್ರೆ ಎಲ್ಲಿ ಅಕ್ಕ ಒಳಗೆ ನಿಂತುಹೋಗ್ತಾಳೋ ಅಂತ. ಹೊನ್ನಿಗೆ ಕಣ್ಣಲ್ಲಿ ದಳದಳ ನೀರು ಬಂತಂತೆ. ಕಾಯ್ತಿದಾರೆ ಕಣೇ ಕೆಂಡವ್ವಾ, ನನಗೂ ಕಾಯೋರಿದಾರೆ ಅಂತ ಗಟ್ಟಿಯಾಗಿ ಹೇಳಿದ್ಲಂತೆ. ಒಲೆ ಅವಳ ಮುಖದ ಹತ್ರಕ್ಕೇ ಬಂದು, ಮೂಸಿದ ಹಂಗೆ ಮಾಡಿ, ಹಿಂದಕ್ಕೆ ಹೋಗಿ ಸುಮ್ನಾಯ್ತಂತೆ.

ನೋಡೋಕೆ ಬಂದೋಳಿಗೆ ಕಾಯೋರಾ ಅಂತ ಕೆಂಡವ್ವ ಮುಖ ಸೊಟ್ಟ ಮಾಡ್ಕೊಂಡು ಎದ್ದು, ಚಿಮಟದಲ್ಲಿ ಒಂದು ಕೆಂಡ ಎತ್ತಿ ಬೆರಣಿ ಮೇಲೆ ಇಟ್ಳಂತೆ. ಆಗ ಹೊನ್ನಿ ಕೇಳೇ ಬಿಟ್ಳಂತೆ, ಇಷ್ಟು ಜನಾನ ಯಾಕವ್ವಾ ತಿಂದೆ ಅಂತ. ಅದಕ್ಕೆ ಆ ರಾಕ್ಷಸಿ ಏನಂದ್ಲು ಗೊತ್ತಾ? ನಾನು ಯಾವತ್ತು ಮೂರು ಜನಾನ ಕಳಿಸಿ ಅಂದಿದ್ದೆ? ಒಬ್ಬರು ಬಂದ್ರೂ ಕೊಡ್ತಿದ್ದೆ. ಇಬ್ಬರನ್ನ ಬರಿಗಾಲಲ್ಲಿ ಕಳಿಸೋರು ನಿಮ್ಮೂರವರು ತಾಯಿ, ನನ್ನ ಯಾಕೆ ಕೇಳ್ತೀಯಾ ಅಂದ್ಲಂತೆ. ಕಲ್ಲು ಬಾಗಿಲು ತಾನೇ ತೆರ್ಕೊಳ್ತು, ಹೊನ್ನಿ ಬೆರಣಿ ಹಿಡ್ಕೊಂಡು ಹೊರಗೆ ಬಂದ್ಲಂತೆ.

ಇನ್ನು ವಾಪಸ್ ಬರೋದು. ಅದೇನು ಸುಲಭ ಅಂದ್ಕೊಂಡ್ಯಾ? ಒಂದು ಬೆರಣಿ ಎಷ್ಟು ಹೊತ್ತು ಉರಿಯುತ್ತೆ? ಅದು ಸುಟ್ಟು ಅಂಚಿಗೆ ಬರೋ ಹೊತ್ತಿಗೆ ಬಿಳಿಯ ಇನ್ನೊಂದು ಕೊಡೋದು, ಅದಕ್ಕೆ ಇದರಿಂದ ಹತ್ತಿಸೋದು, ಸಂಪಿ ಮೆತ್ತಗೆ ಊದೋದು. ನಿದ್ದೆಗಾಳಿ ಕಣಿವೇಲಿ ಗಾಳಿ ಕೆಂಡಾನ ಆರಿಸೋಕೇ ನೋಡ್ತಂತೆ, ಹೊನ್ನಿ ಸೆರಗು ಅಡ್ಡ ಹಿಡಿದು ಬರೀ ಅಂಗೈಯಲ್ಲಿ ಬೆರಣಿ ಮುಚ್ಕೊಂಡು ಬಂದ್ಲಂತೆ, ಅಂಗೈ ಬೊಬ್ಬೆ ಬಂತಂತೆ. ಊರು ಕಣ್ಣಿಗೆ ಕಾಣ್ತಿದೆ, ಬುಟ್ಟೀಲಿ ಬೆರಣಿ ಖಾಲಿ! ಬಿಳಿಯ ಬುಟ್ಟೀನೇ ಮುರಿದು ಕೊಟ್ಟ, ಅದೂ ಉರಿದುಹೋಯ್ತು, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಸುರುಳಿ ಮಾಡಿ ಕೊಟ್ಟ, ಅದರ ತುದೀಲಿ ಒಂದು ಕೆಂಪು ಚುಕ್ಕೆ ಅಷ್ಟು ಬೆಂಕಿ ಉಳ್ಕೊಂಡಿತ್ತಂತೆ.

ಊರ ಗಡಿಗೆ ಬಂದ್ರು. ಸಂಪಿ ಹೋಗಿದ್ದು ತಿಳಿದು ಜನ ಎಲ್ಲಾ ಸೇರಿದಾರೆ. ಜೈ ಅಂತಾರೆ ಅಂದ್ಕೊಂಡ್ರೆ ಯಜಮಾನ ಕೈ ಅಡ್ಡ ಹಿಡಿದು, ನಿಲ್ಲಿ, ಮೊದಲನೇವಳು ತಂದ ಬೆಂಕಿ ಊರಿಗೆ ಆಗಿಬರಲ್ಲ, ಆ ಬೆಂಕೀನ ಸಂಪಿ ಕೈಗೆ ಕೊಡು, ಮೂರನೇವಳು ಗಡಿ ದಾಟಿಸ್ಲಿ, ಕಟ್ಟಳೆ ಅಂದ್ರೆ ಕಟ್ಟಳೆ ಅಂದ್ನಂತೆ. ನೋಡಿದ್ಯಾ ಅವನ ಕೊಬ್ಬು! ಸಂಪಿ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡ್ಲಂತೆ. ನಾನು ಮುಟ್ಟಲ್ಲ. ಬಿಳಿಯನೂ ಕೈ ಹಿಂದೆ ಕಟ್ಕೊಂಡ. ಅವರು ಮಾತಿಗೆ ಮಾತು ಬೆಳೆಸ್ತಿದ್ರೆ ಆ ವಸ್ತ್ರದ ತುದೀಲಿದ್ದ ಚುಕ್ಕೆ ಸಣ್ಣಗಾಗ್ತಾ ಸಣ್ಣಗಾಗ್ತಾ ಬರ್ತಿತ್ತಂತೆ. ಗುಂಪಲ್ಲಿ ಒಂದು ಕೂಸು ಕೆಮ್ಮೋದು ಕೇಳಿಸ್ತಿತ್ತಂತೆ. ಹೊನ್ನಿ ಅಲ್ಲಾಡ್ಲಿಲ್ಲ. ಅವಳಿಗೂ ರೋಷ ಇರಲ್ವಾ?

ಅಷ್ಟರಲ್ಲಿ ಗುಂಪು ತಳ್ಳಾಡ್ಕೊಂಡು ಈರವ್ವ ಬಂದ್ಲಂತೆ. ತಲೆ ಕೆದರಿದೆ, ಕಣ್ಣು ಊದಿದೆ, ಕೈಲಿ ಒಂದು ಬೆರಣಿ. ಯಜಮಾನನ ಎದೆಗೆ ಕೈಯಿಟ್ಟು ಪಕ್ಕಕ್ಕೆ ನೂಕಿದ್ಲಂತೆ. ಊರು ಕಟ್ಟಿದ ಮೇಲೆ ಯಾರೂ ಅವನ ವಂಶದೋರನ್ನ ಹಂಗೆ ನೂಕಿರ್ಲಿಲ್ವಂತೆ. ಗಡಿ ಕಲ್ಲು ದಾಟಿ ಆಚೆಗೇ ಹೋಗಿ, ಹೊನ್ನಿ ಕೈಲಿದ್ದ ಆ ಚುಕ್ಕೆ ಬೆಂಕಿಗೆ ಬೆರಣಿ ಹಿಡಿದು, ಬಗ್ಗಿ ಊದಿದ್ಲು, ಊದಿದ್ಲು, ಊದಿದ್ಲು. ಹೊಗೆ ಬಂತು. ಆಮೇಲೆ ಭಗ್ ಅಂತ ಹತ್ಕೊಂಡ್ತು. ಅವಳನ್ನ ನೋಡಿ ಆ ಕೆಮ್ಮೋ ಕೂಸಿನ ತಾಯಿ ಓಡಿಬಂದು ತನ್ನ ಬೆರಣಿ ಹಿಡಿದ್ಲು, ಅವಳ ಹಿಂದೆ ಇನ್ನೊಬ್ಬಳು, ಹಿಂದೆ ಊರ ಹೆಂಗಸರೆಲ್ಲ. ಯಜಮಾನನ ಹೆಂಡ್ತೀನೂ ಬಂದ್ಲಂತೆ, ಗಂಡನ ಕಡೆ ತಿರುಗೀ ನೋಡ್ಲಿಲ್ಲ.

ಆಮೇಲೆ ಈರವ್ವ ಮಗಳ ಬೊಬ್ಬೆ ಬಂದ ಕೈ ಹಿಡ್ಕೊಂಡು, ನಡುರಸ್ತೇಲೇ ಕುಸಿದು ಕೂತು, ನಾನು ನಿನ್ನ ಸಾಯೋಕೆ ಕಳಿಸ್ದೆನಲ್ಲೇ ಮಗಳೇ, ಹೆತ್ತ ತಾಯಿ ನಾನು ಕಳಿಸ್ಬಿಟ್ಟೆನಲ್ಲೇ ಅಂತ ಅತ್ತಳಂತೆ. ಬೇರೆ ಕತೆಯಾಗಿದ್ರೆ ಮಗಳು ಹೋಗ್ಲಿ ಬಿಡವ್ವಾ ಅಂತಿದ್ಲು. ಹೊನ್ನಿ ಹಂಗನ್ಲಿಲ್ಲ. ಅವ್ವನ ನೆತ್ತಿ ನೋಡ್ಕೊಂಡೇ, ಹೌದು, ಕಳಿಸ್ದೆ ಅಂದ್ಲಂತೆ. ಆಮೇಲೆ, ಈಗ ಹೊಟ್ಟೆ ಹಸೀತಿದೆ, ಬಡ್ಸು ನಡಿ ಅಂದ್ಲಂತೆ.

ಈರವ್ವ ಒಲೆ ಹಚ್ಚಿ, ಎಸರಿಟ್ಟು, ರಾಗಿ ಹಿಟ್ಟು ಸುರಿದು, ಕೋಲು ಹಿಡಿದು ತಿರುವಿ, ಹೊಗೆ ಆಡೋ ಮುದ್ದೆ ಕಟ್ಟಿ, ಮುತ್ತುಗದ ಎಲೆ ಹಾಕಿ ಮೊದ್ಲು ಹೊನ್ನಿಗೆ ಇಟ್ಳಂತೆ, ಆಮೇಲೆ ಬಿಳಿಯನಿಗೆ, ಆಮೇಲೆ ಸಂಪಿಗೆ. ಅಂಗೈ ಸುಟ್ಟಿತ್ತಲ್ಲ, ಹೊನ್ನಿಗೆ ಮುದ್ದೆ ಮುರಿಯೋಕೆ ಆಗ್ಲಿಲ್ಲ. ಈರವ್ವ ಪಕ್ಕದಲ್ಲಿ ಕೂತು ಒಂದೊಂದು ತುತ್ತೂ ತಾನೇ ಮುರಿದು, ಸಾರಲ್ಲಿ ಅದ್ದಿ, ಬಾಯಿಗಿಟ್ಳಂತೆ. ಹೊರಗೆ ಊರಿನ ಎಲ್ಲಾ ಮನೆ ಸೂರಿಂದ್ಲೂ ಹೊಗೆ ಏಳ್ತಿತ್ತು. ಅವತ್ತಿಂದ ಆ ಊರಲ್ಲಿ ಯಾರೇ ಎಲ್ಲಿಗೇ ಹೋಗ್ಲಿ, ಬುತ್ತಿ ಕಟ್ಟಿ ಕಳಿಸೋದು, ಬರೋ ತನಕ ಗಡೀಲಿ ಯಾರಾದ್ರೂ ಕೂತು ಕಾಯೋದು ಅಂತ ಆಯ್ತಂತೆ. ಯಜಮಾನನೂ ಸರದಿ ಪ್ರಕಾರ ಕೂತಿರ್ತಿದ್ನಂತೆ, ಗೊಣಗ್ಕೊಂಡು.

ಏನು ಕೂಸೇ? ಹೊನ್ನಿಗೆ ಅವ್ವನ ಮೇಲಿನ ಸಿಟ್ಟು ಹೋಯ್ತಾ ಅಂತಾನಾ? ಅದನ್ನ ನನಗೆ ಕತೆ ಹೇಳಿದೋರು ಹೇಳ್ಲಿಲ್ಲ. ಆದ್ರೆ ಮೊದಲನೇ ಮುದ್ದೆ ಮುಗಿದ ಮೇಲೆ ಈರವ್ವ ಸಾಕಾ ಅಂತ ಹೆದರ್ಕೊಂಡು ಕೇಳಿದ್ಲಂತೆ. ಇನ್ನೊಂದು ಹಾಕು ಅಂದು ಬಾಯಿ ತೆಗೆದ್ಲಂತೆ ಹೊನ್ನಿ. ಅವರ ಮನೇಲಿ ಒಲೆ ಉರೀತಾ ಇರ್ಲಿ, ನಮ್ಮನೇಲಿ ದೀಪ ಆರ್ಲಿ, ಕತೆ ಇಷ್ಟೇ.